ಬಿಲ್ಲು ಕೊಟ್ಟ ಮೇಲೆ

ಬೆಂಗಳೂರಿನ ಪೀಣ್ಯದ ಜಾಬ್ ವರ್ಕ್ ಶೆಡ್ಡಿನಲ್ಲಿ ಲೋಹ ಕೆಲಸ ಕೊಡುವ ಪಾರ್ಟಿಯದು, ಡ್ರಾಯಿಂಗೂ ಪಾರ್ಟಿಯದೇ. ಶೆಡ್ಡಿನವರು ಮಾರುವುದು ತಮ್ಮ ಕಸುಬನ್ನು, ಮಷೀನು ಓಡಿದ ಗಂಟೆಗಳನ್ನು. ಕೆಲಸ ಮುಗಿದ ಬಿಡಿಭಾಗ ಚಲನ್ ಸಮೇತ ಗೇಟು ದಾಟಿದರೆ ಅವರ ಕೈಲಿ ಉಳಿಯುವುದು ಬಿಲ್ಲೊಂದೇ. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಡುವ ಸಣ್ಣ ಕಂಪನಿಯ ಪಾಡೂ ಇದೇ. ಕೊಟ್ಟ ಸೇವೆಯನ್ನು ವಾಪಸ್ ತರಲಾಗದು.

ಕಾನೂನು ಇವರ ಪರವಾಗಿಯೇ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಸಲ್ಲಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲೇ. ಕೆಲಸದ ಬಗ್ಗೆ 15 ದಿನದೊಳಗೆ ಬರಹದಲ್ಲಿ ತಕರಾರು ಬರಲಿಲ್ಲವೆಂದರೆ ಒಪ್ಪಿದಂತೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಂಥ ದೂರು ಕೇಳುವ ಫೆಸಿಲಿಟೇಷನ್ ಕೌನ್ಸಿಲ್ ತೀರ್ಪನ್ನು ಪ್ರಶ್ನಿಸಲು ಕೊಳ್ಳುವವರು ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು.

ಆದರೂ ದೂರು ಕೊಡಲು ಶೆಡ್ಡಿನವರು ಹಿಂದೆಗೆಯುತ್ತಾರೆ. ಒಂದೆರಡು ಪಾರ್ಟಿಗಳ ಕೆಲಸದ ಮೇಲೆಯೇ ಬದುಕು ನಿಂತಿದ್ದಾಗ, ದೂರು ಕೊಟ್ಟು ಗೆದ್ದರೂ ಮುಂದಿನ ಆರ್ಡರ್ ಹೋಯಿತು. ಹಾಗಾಗಿ ‘ಸಾರ್, ನಮ್ ಬಿಲ್ ಸ್ವಲ್ಪ ನೋಡಿ’ ಎಂಬ ಫೋನಷ್ಟೇ. ಇತ್ತ ಹುಡುಗರ ಸಂಬಳ, ಬೆಸ್ಕಾಂ ಬಿಲ್ಲು ಕಾಯುವುದಿಲ್ಲ. ಜಿಎಸ್‌ಟಿ ಇನ್ನೂ ಕಠಿಣ: ಹಣ ಬಾರದಿದ್ದರೂ ಬಿಲ್ಲು ಕೊಟ್ಟ ತಪ್ಪಿಗೆ ಸಾಮಾನ್ಯವಾಗಿ ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು. ಅದೇ ಬಿಲ್ಲಿನ ಮೇಲೆ ಕೊಳ್ಳುವವರು ತೆರಿಗೆ ಕ್ರೆಡಿಟ್ ಪಡೆಯಬಹುದು. ಹಣ ಕೊಡದೆ 180 ದಿನ ಕಳೆದಾಗಷ್ಟೇ ಅದನ್ನು ಹಿಂದಿರುಗಿಸಬೇಕು. ಅಂದರೆ ದೊಡ್ಡವರ ವ್ಯಾಪಾರಕ್ಕೆ ಸಾಲ ಕೊಡುತ್ತಿರುವುದು ಶೆಡ್ಡಿನವರು, ಬಡ್ಡಿಯಿಲ್ಲದೆ. ಇದನ್ನು ಸಂಬಂಧ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಸೇವೆ ಮಾರಿಯೇ ಬೆಳೆದ ಊರು ಇದು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದದ್ದು ಮೈಕೋ ಎಂಬ ಗಿರಾಕಿಯ ಕೆಲಸಕ್ಕಾಗಿ. ಅದು ಎಲೆಕ್ಟ್ರಾನಿಕ್ ಸಿಟಿ ಸೇರಿದ್ದು ಆಮೇಲೆ. ಒಬ್ಬ ಒಳ್ಳೆಯ ಗಿರಾಕಿ ಸಣ್ಣ ಕಂಪನಿಗೆ ಏನಾಗಬಲ್ಲ ಎಂಬುದು ಈ ಊರಿಗೆ ಗೊತ್ತಿರಬೇಕು.

ಬಾಕಿ ಬಿಲ್ಲಿನ ಕಾನೂನಿಗೆ ಈಚೆಗೆ ಬಂದ ಬದಲಾವಣೆಗಳಲ್ಲಿ ಕೊಳ್ಳುವವರಿಗೆ ಹೆಚ್ಚು ಬಿಸಿ ಮುಟ್ಟಿಸಿದ್ದು ಆದಾಯ ತೆರಿಗೆಯ ಒಂದು ನಿಯಮ. ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಲು ಅದು ಬಿಡುತ್ತದೆ. ಟ್ರೆಡ್ಸ್ ವೇದಿಕೆಯೂ ಇದೆ: ಅಲ್ಲಿ ಕೊಳ್ಳುವವರು ಬಿಲ್ಲನ್ನು ಒಪ್ಪಿದರೆ ಬ್ಯಾಂಕು ಮುಂಚೆಯೇ ಹಣ ಕೊಡುತ್ತದೆ. ವಾರ್ಷಿಕ ವಹಿವಾಟು ₹250 ಕೋಟಿ ಮೀರಿದ ಕಂಪನಿಗಳು ಅದಕ್ಕೆ ಸೇರುವಂತೆ 2024ರ ನವೆಂಬರಿನಲ್ಲಿ ಕೇಂದ್ರ ಆದೇಶಿಸಿತು. ಸೇರಿದರೆ ಸಾಲದು, ಅಕೌಂಟ್ಸ್ ವಿಭಾಗದಲ್ಲಿ ಕುಳಿತವರು ಶೆಡ್ಡಿನ ಬಿಲ್ಲನ್ನು ಅಲ್ಲಿ ಒಪ್ಪಬೇಕು, ಅದೂ ಬಂದ ವಾರವೇ.