ಪಾರ್ಸಲ್ ಬಂತು ಸರಿ, ದುಡ್ಡು ವಾಪಸ್ ಬಂತೇ? ಸೊಸೆ ತೆಗೆದ ಲೆಕ್ಕ!

ದಾವಣಗೆರೆ: ಮಂಡಿಪೇಟೆ ಹಿಂಭಾಗದ ಓಣಿಯೊಂದರಲ್ಲಿ ಆ ಮನೆ. ಯಜಮಾನರದು ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಮೂವತ್ತು ವರ್ಷದಿಂದ ಗಲ್ಲಾದ ಪಕ್ಕ ಕಿರ್ದಿ ಪುಸ್ತಕ ಇಟ್ಟುಕೊಂಡೇ ಕೂತವರು. ಯಾರ ಉದ್ರಿ ಎಷ್ಟು, ಯಾವ ಹಬ್ಬದಿಂದ ಬಾಕಿ, ಎಲ್ಲಾ ಬಾಯಲ್ಲೇ ಇದೆ. ಇಂಥವರ ಮನೆ ಬಾಗಿಲಿಗೇ ವಾರಕ್ಕೆ ಎರಡು ಮೂರು ಸಲ ಪಾರ್ಸಲ್ ಹುಡುಗ ಬಂದು ಬೆಲ್ ಒತ್ತುತ್ತಾನೆ!

ಮನೆಯಲ್ಲಿ ಫೋನು ನಾಲ್ಕು. ನಾಲ್ಕರಲ್ಲೂ ಖರೀದಿ. ಯಾರು ಏನು ತರಿಸಿದರು, ಎಷ್ಟು ಕೊಟ್ಟರು, ಯಾವುದು ವಾಪಸ್ ಹೋಯ್ತು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುವುದು. ಪೇಟೆಯ ಮಿಕ್ಕ ಮನೆಗಳ ಕತೆಯೂ ಇದೇ ಅನ್ನಿ.

ಫೆಬ್ರವರಿಯಲ್ಲಿ ಕಿರಿ ಮಗ ತರಿಸಿದ ಬೂಟಿನಿಂದ ಗಲಾಟೆ ಶುರು. ಬೆಲೆ 1,899 ರೂಪಾಯಿ. ಕಾಲಿಗೆ ಬಿಗಿ ಆಯ್ತು, ವಾಪಸ್ ಕೊಟ್ಟ. ಹುಡುಗ ಬಂದು ಒಯ್ದ. ಮೂರು ವಾರವಾದರೂ ದುಡ್ಡಿಲ್ಲ. ಕೇಳಿದರೆ "ಮಾಲು ನಮಗೆ ಮುಟ್ಟಿಲ್ಲ, ಯಾವ ತಾರೀಕು ಕೊಟ್ಟಿರಿ?" ಎಂದು ಕಂಪನಿಯ ಪ್ರಶ್ನೆ. ತಾರೀಕು ಯಾರಿಗೆ ನೆನಪು?

"ಹೋಗ್ಲಿ ಬಿಡಪ್ಪಾ" ಅಂದ ಮಗ. ಸಾಹುಕಾರರಿಗೆ ರೇಗಿತು. "ಎಂಟಾಣೆ ಉದ್ರಿಗೆ ನಾಕು ಸಲ ಅಲೆದವನು ನಾನು. ಹೋಗ್ಲಿ ಅಂತೀಯಲ್ಲೋ!"

ಹಿರಿ ಸೊಸೆ ಮದುವೆಗೆ ಮುಂಚೆ ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಲೆಕ್ಕ ಬರೆದವರು. ಆ ರಾತ್ರಿಯೇ ಗೂಗಲ್‌ನ ಪುಕ್ಕಟೆ ಶೀಟ್ ತೆರೆದು ಕೂತರು. ಶೀಟ್ ಎಂದರೆ ಬೇರೇನಲ್ಲ, ಗೆರೆ ಹೊಡೆದ ಲೆಕ್ಕದ ಪುಸ್ತಕವೇ. ಕೂಡುವ ಕಳೆಯುವ ಕೆಲಸ ಅದೇ ಮಾಡುತ್ತದೆ. 1979ರಲ್ಲಿ ಅಮೆರಿಕದ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ವಿಸಿಕ್ಯಾಲ್ಕ್ ಎಂಬ ಹೆಸರಲ್ಲಿ ಇಂಥದ್ದನ್ನು ಮಾರಾಟಕ್ಕೆ ತಂದಿದ್ದರು. ಅಲ್ಲಿಯವರೆಗೆ ಒಂದು ಅಂಕಿ ತಪ್ಪಿದರೆ ಇಡೀ ಸಾಲು ಅಳಿಸಿ ಮತ್ತೆ ಕೂಡಬೇಕಿತ್ತು.

ಮೊದಲು ಒಂದು ಆರ್ಡರಿಗೆ ಒಂದು ಸಾಲು ಅಂತ ಬರೆದರು. ಅಲ್ಲೇ ಎಡವಟ್ಟಾಯಿತು. 600, 400, 200ರ ಮೂರು ಸಾಮಾನು ಒಂದೇ ಆರ್ಡರಿನಲ್ಲಿ. ಕೂಪನ್ ಹಾಕಿ 120 ರೂಪಾಯಿ ಕಡಿತ. 400ರದು ವಾಪಸ್ ಕೊಟ್ಟರೆ ಬಂದದ್ದು 360. "ನಲವತ್ತು ಎಲ್ಲಿ ಹೋಯ್ತೇ?" ಎಂದು ಅತ್ತೆ. ಕೂಪನ್ನಿನ ಕಡಿತ ಮೂರಕ್ಕೂ ಹಂಚಿಹೋಗಿರುತ್ತದೆ, ಮೋಸವೇನಲ್ಲ. ಅಂದಿನಿಂದ ಒಂದು ಸಾಮಾನಿಗೆ ಒಂದು ಸಾಲು, ಕೂಪನ್ ಕಳೆದ ಬೆಲೆಗೆ ಬೇರೆ ಕಾಲಂ.

ಕಾಲಂಗಳು ಹೀಗಿವೆ: ಆರ್ಡರ್ ನಂಬರು, ಯಾರ ಫೋನು, ಸಾಮಾನು, ಕೊಟ್ಟ ದುಡ್ಡು, ಕೈಗೆ ಬಂದ ತಾರೀಕು, ವಾಪಸಿಗೆ ಎಷ್ಟು ದಿನ, ಕಡೇ ತಾರೀಕು, ಒಯ್ದ ತಾರೀಕು, ಬರಬೇಕಾದ್ದು, ಬಂದದ್ದು, ಬಾಕಿ. ಕಡೇ ತಾರೀಕು ಕೈಯಲ್ಲಿ ಬರೆಯುವಂತಿಲ್ಲ. ಬಂದ ತಾರೀಕಿಗೆ ದಿನ ಕೂಡಿಸಿ ಶೀಟೇ ಹಾಕುತ್ತದೆ. ಎರಡು ದಿನ ಉಳಿದಾಗ ಚೌಕ ಕೆಂಪಾಗುತ್ತದೆ. ಯಾರ ಫೋನಿನಿಂದ ಎಷ್ಟು ಹೋಯ್ತು ಎನ್ನಲು ಸಮ್‌ಇಫ್ ಎಂಬ ಸೂತ್ರ ಒಂದೇ ಸಾಕು.

ತಾರೀಕಿನದೇ ದೊಡ್ಡ ತಕರಾರು. ಮಾರ್ಚ್ 5 ಎಂದು 5/3 ಬರೆದರೆ ಶೀಟ್ ಮೇ 3 ಅಂತ ತಿಳಿಯಿತು! ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹೀಗೆ ಟೇಬಲ್ ಲ್ಯಾಂಪೊಂದರ ವಾಪಸ್ ಅವಧಿ ಗೊತ್ತಾಗದೇ ಮುಗಿದುಹೋಯ್ತು. ಮಿಣಮಿಣ ಎನ್ನುವ ಆ ದೀಪ ಇನ್ನೂ ಮನೆಯಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ದೇಶ ಭಾರತ ಎಂದು ಬದಲಾಯಿಸಿದ ಮೇಲೆ ಸರಿಹೋಯ್ತು. ಚುಕ್ಕಿ ಇಟ್ಟು ಬರೆದ ಕೆಲವು ತಾರೀಕು ಚೌಕದ ಎಡಕ್ಕೆ ಅಂಟಿಕೊಂಡವು. ಹಾಗಾದರೆ ಶೀಟ್ ಅದನ್ನು ಬರೀ ಅಕ್ಷರ ಎಂದುಕೊಂಡಿದೆ, ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಅರ್ಥ.

ಹಳೇ ಮೆಸೇಜು ಜಾಲಾಡಿ ಜನವರಿಯಿಂದ ಮಾರ್ಚಿಯವರೆಗೆ 31 ಸಾಮಾನು ಸಾಲಿಗೆ ಬಂದವು. ವಾಪಸ್ ಹೋದದ್ದು ಆರು. ಬರಬೇಕಿದ್ದದ್ದು 5,260 ರೂಪಾಯಿ, ಬಂದದ್ದು 2,912. ಬಾಕಿ 2,348! ಬೂಟಿನ 1,899 ಸರಿ, ಮಿಕ್ಕ 449 ಯಾರದು? ಅತ್ತೆಯವರ ಬಿಸಿನೀರಿನ ಚೀಲದ್ದು. ಬ್ಯಾಂಕಿಗೆ ಬಾರದೆ ಆ್ಯಪಿನ ವ್ಯಾಲೆಟ್ಟಿನಲ್ಲಿ ಸದ್ದಿಲ್ಲದೆ ಕೂತಿತ್ತು.

ಬೂಟು ಒಯ್ದ ದಿನದ ಮೆಸೇಜೂ ಸಿಕ್ಕಿತು. 2020ರ ಇ-ಕಾಮರ್ಸ್ ನಿಯಮದಂತೆ ಗ್ರಾಹಕ ದೂರು ಕೊಟ್ಟರೆ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ಮುಟ್ಟಿದೆ ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಸೊಸೆ ಆರ್ಡರ್ ನಂಬರು, ಒಯ್ದ ತಾರೀಕು, ಮೆಸೇಜಿನ ಚಿತ್ರ ಸಮೇತ ಕಂಪನಿಗೆ ಬರೆದರು. ಹತ್ತೊಂಬತ್ತನೇ ದಿನ ದುಡ್ಡು ಖಾತೆಗೆ ಬಿತ್ತು. 1915ಕ್ಕೆ ಹೋಗುವ ಪ್ರಮೇಯ ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಾಹುಕಾರರಿಗೆ ನಿದ್ದೆ ಬರುತ್ತಿತ್ತು. ಆದರೆ ಅವರೇ ಕೇಳಿದರು: "ಇದೇ ಸಾಮಾನಿಗೆ ನಮ್ಮ ಪೇಟೇಲಿ ಎಷ್ಟು ಅಂತ ಇನ್ನೊಂದು ಕಾಲಂ ಹಾಕಮ್ಮಾ." ಅತ್ತೆ ಚೀಲ ಹಿಡಿದು ಚೌಕಿಪೇಟೆ ಕಡೆ ದರ ವಿಚಾರಿಸಿ ಬಂದರು. ಇಟ್ಟುಕೊಂಡ 25 ಸಾಮಾನಿನಲ್ಲಿ ಅದೇ ಮಾಲು ಪೇಟೆಯಲ್ಲಿ ಸಿಕ್ಕಿದ್ದು ಒಂಬತ್ತು. ಐದು ಫೋನಿನಲ್ಲೇ ಅಗ್ಗ, ಒಪ್ಪಲೇಬೇಕು. ನಾಲ್ಕು ಪೇಟೆಯಲ್ಲಿ ಅಗ್ಗ. ಆ ನಾಲ್ಕರಲ್ಲೊಂದು ಸ್ಟೀಲ್ ಟಿಫಿನ್ ಕ್ಯಾರಿಯರ್: ಫೋನಿನಲ್ಲಿ 649, ಪೇಟೆಯಲ್ಲಿ 520. ಯಾವ ಅಂಗಡಿ? ಸಾಹುಕಾರರದ್ದೇ! ತರಿಸಿದ್ದು ಯಾರು? ದಿನಾ ಮಧ್ಯಾಹ್ನ ಅದೇ ಗಲ್ಲಾದ ಮೇಲೆ ಕೂರುವ ಹಿರಿ ಮಗ.

"ಅಲ್ಲಪ್ಪಾ, ಎರಡನೇ ಶೆಲ್ಫಿನಲ್ಲೇ ಇತ್ತಲ್ಲೋ" ಅಂದರಂತೆ. ಮಗ, "ಎದ್ದು ನೋಡೋಕೆ ಬೇಜಾರಾಯ್ತು" ಎಂದನಂತೆ. ಗಿರಾಕಿ ಎಲ್ಲಾ ಫೋನಿನೊಳಗೆ ಹೋದರು ಎಂದು ಸಂಘದ ಮೀಟಿಂಗಿನಲ್ಲಿ ಗೋಳಾಡುವವರು ತಮ್ಮ ಮನೆ ಬಾಗಿಲ ಪಾರ್ಸಲ್ ಒಮ್ಮೆ ಎಣಿಸುವುದು ವಾಸಿ.

ಈಗ ಅಂಗಡಿಯ ಉದ್ರಿ ಲೆಕ್ಕವೂ ಶೀಟಿಗೆ ಏರಿದೆ. ಸಾಹುಕಾರರು ಕಿರ್ದಿ ಬಿಟ್ಟಿಲ್ಲ. ರಾತ್ರಿ ಅವರು ಓದಿ ಹೇಳುವುದು, ಸೊಸೆ ಹಾಕುವುದು, ಎರಡೂ ತಾಳೆಯಾದ ಮೇಲೆ ಊಟ. ಮೊದಲ ವಾರ 300 ರೂಪಾಯಿ ವ್ಯತ್ಯಾಸ ಬಂದು ಒಂಬತ್ತೂವರೆಯಾದರೂ ತಟ್ಟೆ ಹಾಕಲಿಲ್ಲ. ಹುಡುಕಿದರೆ ತಪ್ಪು ಕಿರ್ದಿಯಲ್ಲಿತ್ತು.