ಅಕ್ಕನ ರಕ್ತದ ಗುಂಪೇ ಬದಲಾಯ್ತು!

ಅಕ್ಕನದು ಬಿ ಪಾಸಿಟಿವ್, ತಮ್ಮನದು ಓ ಪಾಸಿಟಿವ್. ಅಕ್ಕನಿಗೆ ಬ್ಲಡ್ ಕ್ಯಾನ್ಸರ್. ರಕ್ತ ತಯಾರಿಸೋ ಕಾಂಡಕೋಶವನ್ನ (ಸ್ಟೆಮ್ ಸೆಲ್) ತಮ್ಮ ಕೊಡಬಹುದಾ?

ಕೊಡಬಹುದು! ಇಲ್ಲಿ ಮುಖ್ಯ ರಕ್ತದ ಗುಂಪಲ್ಲ, ಜೀವಕೋಶಗಳ ಮೇಲಿರೋ ಎಚ್‌ಎಲ್‌ಎ ಅನ್ನೋ ಗುರುತು. ಅದು ಅರ್ಧ ಅಮ್ಮನದು, ಅರ್ಧ ಅಪ್ಪನದು. ಹಾಗಾಗಿ ಒಬ್ಬ ಒಡಹುಟ್ಟಿದವರದು ಪೂರ್ತಿ ಹೊಂದೋ ಸಾಧ್ಯತೆ ಶೇ. 25 ಮಾತ್ರ.

ಹೊಂದಲಿಲ್ಲ ಅಂದ್ರೆ? ಅರ್ಧ ಹೊಂದೋ ಅಪ್ಪ, ಅಮ್ಮ, ಮಕ್ಕಳಿಂದಲೂ ಈಗ ಕಸಿ ಮಾಡ್ತಾರೆ. ಜೊತೆಗೆ ದಾನಿಗಳ ಪಟ್ಟಿಯಲ್ಲೂ ಹುಡುಕ್ತಾರೆ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈನ ದಾತ್ರಿ ಇಂಥ ಪಟ್ಟಿ ಇಟ್ಟಿವೆ.

ಹೆಸರು ಬರೆಸೋಕೆ ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿದ್ರೆ ಸಾಕು. ಹೊಂದಿಕೆಯಾದ್ರೆ ಸಾಮಾನ್ಯವಾಗಿ ನಾಲ್ಕೈದು ದಿನ ಇಂಜೆಕ್ಷನ್. ಆಮೇಲೆ ಒಂದು ತೋಳಿಂದ ರಕ್ತ ಯಂತ್ರಕ್ಕೆ ಹೋಗುತ್ತೆ. ಯಂತ್ರ ಕಾಂಡಕೋಶ ಮಾತ್ರ ಸೋಸಿಕೊಂಡು, ಉಳಿದ ರಕ್ತವನ್ನ ನಿಮಗೇ ವಾಪಸ್ ಕೊಡುತ್ತೆ.

ತಮ್ಮನ ಕಾಂಡಕೋಶ ಅಕ್ಕನ ಮೂಳೆಮಜ್ಜೆಯಲ್ಲಿ ಬೇರೂರಿದ್ರೆ, ಕೆಲವು ತಿಂಗಳಲ್ಲಿ ಅಕ್ಕನೂ ಓ ಪಾಸಿಟಿವ್!

ನೆನಪಿಡಿ: ಕಸಿಗೆ ಮೊದಲು ರೋಗಿಯ ಸ್ವಂತ ಮಜ್ಜೆಯನ್ನ ಕೀಮೋ ಕೊಟ್ಟು ಬರಿದು ಮಾಡ್ತಾರೆ. ಆಗ ದಾನಿ ಕೈಕೊಟ್ರೆ ಪ್ರಾಣಕ್ಕೇ ಅಪಾಯ.

ನಿಮಗೆ 18 ದಾಟಿದ್ಯಾ? ಆರೋಗ್ಯವಾಗಿದ್ದೀರಾ? ಯೋಚಿಸಿ ಹೆಸರು ಬರೆಸಿ. ಬರೆಸಿದ್ಮೇಲೆ, ಕರೆ ಬಂದ ದಿನ ಹಿಂದೆ ಸರೀಬೇಡಿ.