ಆಹ್ವಾನವಿಲ್ಲದ ಅಜೇಯರು

ಕ್ರೀಡಾ ದಾಖಲೆಗಳು ಗೆಲುವನ್ನು ಎಣಿಸಿದರೆ, ಸಮುದಾಯದ ಸ್ಮೃತಿಯು ತ್ಯಾಗವನ್ನೂ ಕಾಯ್ದುಕೊಳ್ಳುತ್ತದೆ. ಅಮೆರಿಕದ ಸಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ 1951ರ ಫುಟ್‌ಬಾಲ್ ತಂಡ ಇದಕ್ಕೆ ನಿದರ್ಶನ. ಇಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ ಅಮೆರಿಕನ್ ಆಟ.

ಜೆಸ್ಯೂಟ್ ಪಾದ್ರಿಗಳ ಈ ಚಿಕ್ಕ ಸಂಸ್ಥೆಯ ತಂಡವು ಜೋ ಕುಹಾರಿಚ್ ಅವರ ತರಬೇತಿಯಲ್ಲಿ ಆಡಿದ 9 ಪಂದ್ಯಗಳನ್ನೂ ಗೆದ್ದಿತು. ಋತುವಿನ ಕೊನೆಗೆ ಆಹ್ವಾನಿತ ತಂಡಗಳಷ್ಟೇ ಆಡುವ ‘ಬೌಲ್’ ಪಂದ್ಯಗಳಿದ್ದವು. ನಷ್ಟದಲ್ಲಿದ್ದ ತಂಡಕ್ಕೆ ಅವುಗಳ ವರಮಾನವೇ ಆಸರೆಯಾಗಬಹುದಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದ ಬೇರೂರಿತ್ತು. ಕಪ್ಪು ಆಟಗಾರರಾದ ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಅವರನ್ನು ಬಿಟ್ಟು ಬಂದರೆ ಆಹ್ವಾನ ದೊರೆಯುವುದೆಂಬ ಸೂಚನೆ ಬಂದಿತೆಂದೂ, ತಂಡವು ಒಕ್ಕೊರಲಿನಿಂದ ನಿರಾಕರಿಸಿತೆಂದೂ ಆಟಗಾರರೇ ಮುಂದೆ ಹೇಳುತ್ತ ಬಂದರು. ಎದುರಾಳಿ ತಂಡಗಳು ದುರ್ಬಲವಾಗಿದ್ದುವೆಂಬುದು ಆಹ್ವಾನ ನೀಡದಿರುವುದಕ್ಕೆ ಅಂದು ಕೇಳಿಬಂದ ಸಮರ್ಥನೆ. ಆ ಋತುವಿನ ನಂತರ ವಿಶ್ವವಿದ್ಯಾಲಯವು ಆರ್ಥಿಕ ಕಾರಣದಿಂದ ತಂಡವನ್ನೇ ಕೈಬಿಟ್ಟಿತು.

ಮ್ಯಾಟ್ಸನ್ ಸೇರಿ ಮೂವರು ಮುಂದೆ ವೃತ್ತಿಪರ ಫುಟ್‌ಬಾಲಿನ ಅತ್ಯುನ್ನತ ಗೌರವಕ್ಕೆ ಪಾತ್ರರಾದರು. ಟೋಲರ್ 1965ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮೊದಲ ಕಪ್ಪು ತೀರ್ಪುಗಾರರಾದರು. ಆದರೂ ಈ ತಂಡದ ಕಥೆ ಇಂದಿಗೂ ಉಳಿದಿರುವುದು ಗೆದ್ದ ಪಂದ್ಯಗಳಿಂದಲ್ಲ, ಸಂಗಡಿಗರಿಗಾಗಿ ಆಡದೆ ಬಿಟ್ಟ ಒಂದು ಪಂದ್ಯದಿಂದ ಎಂಬುದು ಗಮನಾರ್ಹ.